ಮನೆಯವರಿಗೆ ಬರೆಸಿದ ಕಾರ್ಡು

ಜೋಳದ ಅರಳು ಹುರಿಯುವಾಗ ಮೊದಲ ಕಾಳು ಚಟ್ಟನೆ ಒಡೆದು ಬಾಣಲೆಯ ಹೊರಗೆ ಜಿಗಿಯುತ್ತದಲ್ಲ, ಆಗ ಒಂದು ವಾಸನೆ ಏಳುತ್ತದೆ. ಅರ್ಧ ಸುಟ್ಟದ್ದು, ಅರ್ಧ ಸಿಹಿ. ನಮ್ಮ ಸೀಮೆಯಲ್ಲಿ ಅದು ಮೂಗಿಗೆ ಬಡಿಯಿತೆಂದರೆ ನಾಗರ ಪಂಚಮಿ ಬಂತೇ ಎಂದು ಯಾರೂ ಪಂಚಾಂಗ ತೆರೆದು ನೋಡುವುದಿಲ್ಲ. ನಿನ್ನೆ ಬೆಳಿಗ್ಗೆ ಹಿರೇಕೆರೂರಿನ ಈ ಬಾಡಿಗೆ ಮನೆಯ ಒಲೆಯ ಮುಂದೆ ಕುಳಿತು, ತುದಿಗೆ ಅರಿವೆ ಸುತ್ತಿದ ಕಡ್ಡಿಯಿಂದ ಕಾಳು ಆಡಿಸುತ್ತಿದ್ದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಏನೋ ಹೇಳಿದರು. ನಾನು "ಹೂಂ" ಅಂದೆ. ಅವರು ಇನ್ನಷ್ಟು ಹೊತ್ತು ನಿಂತರು, ಆಮೇಲೆ ಹೋದರು.

ಅವರು ಹೇಳಿದ್ದೇನು ಎಂದು ನೀವು ಕೇಳಿದರೆ, ಒಲೆಯಾಣೆ, ನನಗೆ ಗೊತ್ತಿರಲಿಲ್ಲ. ಆದರೆ ಬಾಯಿಂದ ಬಿದ್ದ ಆ "ಹೂಂ" ನನ್ನ ಕಿವಿಗೇ ಬಿತ್ತು ನೋಡಿ, ಕಡ್ಡಿ ಹಿಡಿದ ಕೈ ನಿಂತುಬಿಟ್ಟಿತು. ಅದರ ಗುರುತು ನನಗೆ ಚೆನ್ನಾಗಿ ಉಂಟು. ಒಂದು ಕಾಲದಲ್ಲಿ ಅದರ ಜೊತೆ ನಾನು ದೊಡ್ಡ ಹೋರಾಟವನ್ನೇ ಮಾಡಿದ್ದೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಾವು ಹಾನಗಲ್ಲಿನಲ್ಲಿದ್ದೆವು. ಇವರು ಕನ್ನಡ ಸಾಲಿ ಮಾಸ್ತರು. ಸಿಟ್ಟಿನವರಲ್ಲ, ಚಟದವರಲ್ಲ, ಸಾರಿಗೆ ಉಪ್ಪು ಹೆಚ್ಚಾದರೂ ಉಂಡು ಏಳುವವರು. ಊರ ಹೆಂಗಸರೆಲ್ಲ "ನಿನ್ನ ಗಂಡ ದೇವರಂಥವರು" ಎನ್ನುತ್ತಿದ್ದರು. ದೇವರಂಥವರೇ ಸರಿ, ಎಷ್ಟು ಬೇಡಿಕೊಂಡರೂ ಕೇಳಿಸಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಏನು ಹೇಳಿದರೂ "ಹೂಂ". ಬೆಲ್ಲ ಮುಗಿದಿದೆ ಎಂದರೂ ಹೂಂ, ಬೆಕ್ಕು ಮರಿ ಹಾಕಿದೆ ಎಂದರೂ ಹೂಂ. ಒಮ್ಮೆ ಜಿದ್ದಿಗೆ ಬಿದ್ದು, "ನಾನು ಸನ್ಯಾಸಿನಿ ಆಗ್ತೇನ್ರಿ" ಅಂದೆ. "ಹೂಂ, ನೋಡೂಣು" ಎಂದು ಪುಟ ತಿರುವಿದರು.

ಆದರೆ ಸಂಜೆಯಾಯಿತೆಂದರೆ ಅದೇ ಮನುಷ್ಯ ಬೇರೆಯಾಗುತ್ತಿದ್ದರು. ಊರಿನಲ್ಲಿ ಓದುಬರಹ ಬಾರದವರೆಲ್ಲ ಕಾಗದ ಬರೆಸಲು ನಮ್ಮ ಪಡಸಾಲೆಗೆ ಬರುವರು. ಇವರು ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ತಲೆ ಎತ್ತದೆ, "ಯಾರಿಗೆ? ಏನ ಬರೀಲಿ? ಕಾರ್ಡ ಸಣ್ಣದೈತಿ, ಮುಖ್ಯ ಮಾತ ಮೊದಲ ಹೇಳ್ರಿ" ಎನ್ನುವರು. ಹೇಳಿದ್ದನ್ನು ಒಂದು ಸಾಲು ಬರೆದು, ತಿರುಗಿ ಓದಿ, "ಹಿಂಗ ಹೇಳಿದ್ರಿ, ಹೌದಲ್ಲ?" ಎಂದು ಕೇಳುವರು. ಹೌದು ಎಂದ ಮೇಲೆಯೇ ಮುಂದಿನ ಸಾಲು. ಯಾರದೋ ಎಮ್ಮೆಯ ಕಾಲು ನೋವನ್ನು ಅಷ್ಟು ಅಕ್ಕರೆಯಿಂದ ಕೇಳುವುದನ್ನು ನಾನು ಒಳಬಾಗಿಲಲ್ಲಿ ಜರಡಿ ಹಿಡಿದು ನಿಂತು ಕೇಳುತ್ತಿದ್ದೆ. ಎಮ್ಮೆಯ ಮೇಲೂ ಹೊಟ್ಟೆಕಿಚ್ಚು ಪಟ್ಟವಳು ನಾನು.

ಇನ್ನು ನನ್ನ ತಂಗಿ ಗಂಗವ್ವನ ವಿಷಯ. ಅವಳನ್ನು ಕೊಟ್ಟದ್ದು ಯಲವಿಗಿ ಟೇಶನ್ನಿನಿಂದ ಎರಡು ಹರದಾರಿಯ ಹಳ್ಳಿಗೆ. ನಮಗೆ ಅಣ್ಣತಮ್ಮಂದಿರಿಲ್ಲ, ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳನ್ನು ತವರಿನವರು ಹೋಗಿ ಕರೆಯಬೇಕು. ಕರೆಯಲು ಗಂಡಾಳು ಬಾರದೆ ಅತ್ತೆಯ ಮನೆಯವರು ಕಳಿಸುವುದಿಲ್ಲ. ಅವಳಿಗೆ ಉಳಿದ ತವರೆಂದರೆ ನಾನು. ನನಗೆ ಇರುವ ಗಂಡಾಳೆಂದರೆ ಇವರು. ಆ ವರ್ಷ "ಗಂಗವ್ವನ್ನ ಕರಕೊಂಡ ಬರ್ರಿ" ಎಂದು ಎಷ್ಟು ಸಲ ಹೇಳಿದೆನೋ, ಅಷ್ಟೂ ಸಲ "ಹೂಂ" ಬಂತು. ಆ ಹೂಂ ನಂಬಿ, "ಮಾವಾರು ಬರತಾರ, ತಯಾರಾಗಿರು" ಎಂದು ಅವಳಿಗೆ ಹೇಳಿ ಕಳಿಸಿದೆ. ಪಂಚಮಿಯ ಮುನ್ನಾದಿನ ಇವರು ಸಾಲಿಯಿಂದ ಬಂದು, "ಇವತ್ತ ಏನು, ಉಂಡಿ ವಾಸನಿ ಬರಾಕತ್ತೈತಿ?" ಎಂದು ಕೇಳಿದರು. ನನ್ನ ಮಾತು ಒಂದು ಸಲವೂ ಅವರ ಕಿವಿಗೆ ಬಿದ್ದಿರಲಿಲ್ಲ, ಕರೆಯಲು ಹೋಗುವ ಹೊತ್ತೂ ಮೀರಿತ್ತು.

ಹಬ್ಬ ಕಳೆದ ಮೇಲೆ ಸವಣೂರಿನ ಬಳೆಗಾರ್ತಿ ಅಮೀನಾಬಿ ಬಂದಳು. ಸವಣೂರಿನಿಂದ ಹಾನಗಲ್ಲಿನ ತನಕ ಅವಳು ಬಳೆ ಇಡದ ಕೈಯಿಲ್ಲ, ಕೇಳದ ಸುದ್ದಿಯಿಲ್ಲ. ನನ್ನ ಕೈ ಹಿಚುಕಿ ಬಳೆ ಏರಿಸುತ್ತ ಅಂದಳು:

"ನಿನ್ನ ತಂಗಿ ಊರಿಗೆ ಹೋಗಿದ್ದೆ ಯವ್ವಾ. ಗಂಟ ಕಟಗೊಂಡ ಮೂರು ದಿನ ಕಟ್ಟಿ ಮ್ಯಾಲೆ ಕುಂತಿದ್ಲಂತ. ಮಳ್ಯಾಗ ಯಾರರ ಕೊಡಿ ಹಿಡಕೊಂಡ ಬಂದ್ರ ಎದ್ದ ನಿಂದರೂದು, ಅವರಲ್ಲಂದ್ರ ಮತ್ತ ಕುಂದರೂದು. ಆಕಿ ನೆಗೆಣ್ಯಾರು, ನಿನ್ನ ತವರಿಗೆ ದಾರಿ ಗೊತ್ತಿಲ್ಲೇನ ಅಂತ ನಕ್ಕರಂತ. ಬಳಿ ಇಡಾಕ ಕೈ ಕೊಡು ಅಂದ್ರ ಒಲ್ಲೆ ಅಂದ್ಲು."

ಆ ಹೊತ್ತಿಗೆ ನನ್ನ ಕೈಯಲ್ಲಿ ಎರಡು ಬಳೆ ಒಡೆದವು. ನೋವಾಯಿತೇ ಎಂದು ಅಮೀನಾಬಿ ಕೇಳಿದಳು. ಬಳೆಯದ್ದಲ್ಲ ಅಂದೆ.

ಜಗಳ ಮಾಡಲಿಲ್ಲವೇ ಎನ್ನುತ್ತೀರಿ. ಮಾಡಿದೆ. ಆ ಜಗಳಕ್ಕೂ "ಹೂಂ, ತಪ್ಪಾತು" ಎಂಬ ಉತ್ತರ ಬಂತು. ತಪ್ಪಾಯಿತೆಂದದ್ದು ನಿಜ, ಏನು ತಪ್ಪಾಯಿತೆಂದು ಕೇಳಿಸಿತ್ತೋ ಇಲ್ಲವೋ ದೇವರಿಗೇ ಗೊತ್ತು. ಅವತ್ತೇ ಗಟ್ಟಿ ಮಾಡಿಕೊಂಡೆ: ಬರುವ ಪಂಚಮಿಗೆ ಗಂಗವ್ವ ಆ ಕಟ್ಟೆಯ ಮೇಲೆ ಕುಳಿತುಕೊಳ್ಳಬಾರದು.

ಮರುವರ್ಷ ಶ್ರಾವಣಕ್ಕೆ ಇನ್ನೂ ಹದಿನೈದು ದಿನ ಇತ್ತು. ಸಂಜೆ ಪಡಸಾಲೆಯಲ್ಲಿ ನಾಲ್ಕೈದು ಮಂದಿ ಇದ್ದರು. ಹುಬ್ಬಳ್ಳಿಯ ಗಿರಣಿಯಲ್ಲಿದ್ದ ಮಗನಿಗೆ ಕಾಗದ ಬರೆಸಲು ಅಮೀನಾಬಿಯೂ ಬಂದಿದ್ದಳು. ನಾನು ಸೆರಗು ಮುಂದೆಳೆದುಕೊಂಡು, ಒಂದು ಕಾರ್ಡು ಹಿಡಿದು ಹೋಗಿ ಅವಳ ಮುಂದೆ ಕುಳಿತೆ. ಮೂರನೆಯ ಇಯತ್ತೆಯವರೆಗೆ ಓದಿದವಳು, ನಾನೇ ಬರೆಯಬಹುದಿತ್ತು. ಆದರೆ ನಾನು ಬರೆದದ್ದು ಅವರ ಪುಸ್ತಕದ ನಡುವೆ ಎಲ್ಲೋ ಸೇರಿಹೋಗುತ್ತಿತ್ತು. ಅವರು ಓದುವುದಕ್ಕಿಂತ ಕೇಳುವುದು ನನಗೆ ಬೇಕಿತ್ತು. ನನ್ನ ಸರದಿ ಬಂತು.

"ಯಾರಿಗೆ?" ಎಂದರು, ತಲೆ ಎತ್ತದೆ.

"ನಮ್ಮ ಮನಿಯವರಿಗ್ರಿ."

"ಊರು?"

"ಹಾನಗಲ್ಲ."

"ಹಾನಗಲ್ಲಿಂದ ಹಾನಗಲ್ಲಿಗೆ ಕಾರ್ಡ? ಯಾಕ, ಅವರಿಗೆ ಕಿವಿ ಮಂದ ಏನು?"

"ಇಲ್ರಿ. ಊರ ಮಂದೀದೆಲ್ಲಾ ಕೇಳತೈತಿ."

ಅಮೀನಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ದನಿಯ ಗುರುತು ಇವರಿಗೆ ಇನ್ನೂ ಹತ್ತಿರಲಿಲ್ಲ. ಹದಿನೆಂಟು ವರ್ಷ ಸಂಸಾರ ಮಾಡಿದ ದನಿ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕ್ಷೇಮಸಮಾಚಾರದ ಸಾಲನ್ನು ರೂಢಿಯಂತೆ ಬರೆದು, "ಹೂಂ, ಮುಖ್ಯ ಮಾತ ಹೇಳ್ರಿ" ಅಂದರು.

"ಹ್ವಾದ ಪಂಚಮಿಗೆ ನನ್ನ ತಂಗಿ ಗಂಗವ್ವ ಮೂರು ದಿನ ಗಂಟ ಕಟಗೊಂಡ ಕಟ್ಟಿ ಮ್ಯಾಲೆ ಕುಂತಿದ್ಲು. ನೀವು ಬರಲಿಲ್ಲ."

ಲೇಖಣಿ ನಿಂತಿತು. ತಲೆ ಮಾತ್ರ ಮೇಲೇಳಲಿಲ್ಲ. ಕಿವಿಯ ತುದಿ ಕೆಂಪಾದದ್ದು ನನಗೆ ಕಂಡಿತು. ಎದ್ದು ಒಳಗೆ ಹೋಗುತ್ತಾರೆ ಎಂದುಕೊಂಡೆ. ಹೋಗಿದ್ದರೆ ನಮ್ಮ ಸಂಸಾರ ಏನಾಗುತ್ತಿತ್ತೋ. ಕಡೆಗೆ ಅಮೀನಾಬಿಯೇ ಬಾಯಿ ಬಿಟ್ಟಳು: "ಬರೀರಿ ಮಾಸ್ತರ್ರ. ನಮ್ಮದೂ ಪಾಳಿ ಐತಿ."

ಬರೆದರು. ತಮ್ಮ ರೂಢಿ ಬಿಡದೆ, ಸಣ್ಣ ದನಿಯಲ್ಲಿ ತಿರುಗಿ ಓದಿದರು. "ಮೂರು ದಿನ... ಕಟ್ಟಿ ಮ್ಯಾಲೆ... ನೀವು ಬರಲಿಲ್ಲ. ಹಿಂಗ ಹೇಳಿದ್ರಿ, ಹೌದಲ್ಲ?"

"ಹೌದ್ರಿ" ಅಂದೆ. ಅವರು ನನಗೆ ಬಹುವಚನ ಹಚ್ಚಿದ್ದು ಅದೊಂದೇ ದಿನ.

"ಈ ವರ್ಷ ನಾಕ ದಿನ ಮೊದಲ ಹೋಗಿ ಕರಕೊಂಡ ಬರಬೇಕು. ಹೂಂ ಅನಬ್ಯಾಡ್ರಿ. ಹೋಗ್ತೇನಿ ಅನ್ರಿ, ಇಲ್ಲಾ ಹೋಗೂದಿಲ್ಲ ಅನ್ರಿ. ಹೋಗೂದಿಲ್ಲ ಅಂದ್ರ ನಾನ ಹೋಗ್ತೇನಿ. ಮಂದಿ ನಕ್ಕರ ನಗಲಿ."

ಅದನ್ನೂ ಬರೆದರು, ಅದನ್ನೂ ಓದಿದರು. ನಾನು ಕೆಳಗೆ ಸೊಟ್ಟಗೆ ಸಹಿ ಮಾಡಿದೆ. "ಇದನ್ನ ಟಪಾಲಿಗೆ ಹಾಕಬೇಕೇನು?" ಎಂದು ಕೇಳಿದರು. "ಬರಿಸಿದ ಮ್ಯಾಲೆ ಹಾಕಬೇಕಲ್ರಿ" ಎಂದು ನಾನೇ ಹೋಗಿ ಡಬ್ಬಿಗೆ ಹಾಕಿ ಬಂದು ರೊಟ್ಟಿ ಬಡಿಯಲು ಕುಳಿತೆ. ಎದೆ ಮಾತ್ರ ರೊಟ್ಟಿಗಿಂತ ಜೋರಾಗಿ ಬಡಿಯುತ್ತಿತ್ತು.

ಎರಡು ದಿನದ ಮೇಲೆ ಟಪಾಲಿನವನು ಸಾಲಿಗೆ ಹೋಗಿ ಕಾರ್ಡು ಕೊಟ್ಟನಂತೆ. "ಮಾಸ್ತರ್ರ, ನಿಮ್ಮ ಅಕ್ಷರದಾಗ ನಿಮಗ ಕಾರ್ಡ ಬಂದೈತ್ರಿ. ನಾ ಏನ ಓದಿಲ್ರಿ. ಆದ್ರ ಹೋಗಿ ಬರ್ರಿ, ಪಾಪ, ಆ ಹುಡುಗಿ ಕುಂತಿರತೈತಿ" ಎಂದನಂತೆ. ಇವರು ಮನೆಗೆ ಬಂದು, ಕಾರ್ಡನ್ನು ಒಲೆಯ ಪಕ್ಕದಲ್ಲಿಟ್ಟು, ನನ್ನ ಮುಖ ನೋಡಿ, "ಹೋಗ್ತೇನಿ" ಅಂದರು. ಒಂದೇ ಮಾತು.

ಹೋದರು. ಹಾವೇರಿಯವರೆಗೆ ಮೋಟಾರು, ಯಲವಿಗಿಯವರೆಗೆ ರೈಲು, ಮುಂದೆ ಎರಿಮಣ್ಣಿನ ಕೆಸರಿನಲ್ಲಿ ಕಾಲ್ನಡಿಗೆ. ಕಟ್ಟೆಯ ಮುಂದೆ ನಿಂತು, ಓಣಿಗೆಲ್ಲ ಕೇಳುವ ಹಾಗೆ, ಸಾಲಿಯ ದನಿಯಲ್ಲಿ, "ತವರಿಂದ ಕರಿಯಾಕ ಬಂದೇನ್ರಿ" ಎಂದರಂತೆ. ನೆಗೆಣ್ಣಿಯರು ಒಳಗಿಂದ ಓಡಿ ಬಂದು ನೋಡಿದರಂತೆ. ಇದನ್ನು ಗಂಗವ್ವ ಜೋಕಾಲಿಯ ಮೇಲೆ ಕುಳಿತು ಹತ್ತು ಸಲ ಹೇಳಿದಳು. ಹನ್ನೊಂದನೆಯ ಸಲ ಮಾತ್ರ ಹಗ್ಗ ಹಿಡಿದು ನಿಲ್ಲಿಸಿ, "ಖರೇ ಹೇಳ್ಲೇನಕ್ಕಾ? ಹ್ವಾದ ವರ್ಷದ ಆ ಕಟ್ಟಿ ಥಂಡಿ ಇನ್ನೂ ಮೈಯಾಗ ಐತಿ" ಅಂದಳು.

ಎಲ್ಲ ತಪ್ಪನ್ನೂ ಅವರ ಕಿವಿಗೆ ಹೊರಿಸಿದರೆ ನನಗೂ ಸರಿಯೆನಿಸುವುದಿಲ್ಲ. ಮೊದಲ ವರ್ಷ ನಾನು ಹೇಳುತ್ತಿದ್ದ ರೀತಿ ನೆನಪಾಗುತ್ತದೆ: ಒಲೆಯ ಕಡೆ ಮುಖ, ಅವರ ಕಡೆ ಬೆನ್ನು. "ಚಿಮಣಿ ಎಣ್ಣಿ ಮುಗದೈತಿ, ಗಂಗವ್ವನ್ನ ಕರಕೊಂಡ ಬರ್ರಿ, ಕರಿಬೇವು ಮರೀಬ್ಯಾಡ್ರಿ." ಎಣ್ಣೆಗೂ ಕರಿಬೇವಿಗೂ ನಡುವೆ ತಂಗಿಯನ್ನು ಸಿಕ್ಕಿಸಿದವಳು ನಾನೇ. ಅವರು ಎಣ್ಣೆ ತಂದರು, ಕರಿಬೇವು ತಂದರು. ಕಾರ್ಡಿನ ಮೇಲೆ ಜಾಗ ಸಣ್ಣದಿತ್ತು, ಅದಕ್ಕೇ ತಂಗಿಯೊಬ್ಬಳೇ ಉಳಿದಳು.

ಅಂದಿನಿಂದ ನಮ್ಮಲ್ಲಿ ಒಂದು ರೂಢಿಯಾಯಿತು. ಮುಖ್ಯ ಮಾತಿದ್ದರೆ ನಾನು ಎದುರಿಗೆ ಕುಳಿತು, "ಒಂದ ಕಾರ್ಡ ಬರೀಬೇಕಿತ್ರಿ" ಎನ್ನುವುದು. ಅವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕೇಳುವುದು. ಉಳಿದ ಹೊತ್ತಿಗೆ ಹಳೆಯ ಹೂಂ ಇದ್ದೇ ಇತ್ತು. ಅಷ್ಟು ಮಾತ್ರ ಬದಲಾದರು, ಅಷ್ಟು ಸಾಕಿತ್ತು. ಶಿಗ್ಗಾಂವಿಗೆ, ಆಮೇಲೆ ಈ ಊರಿಗೆ ವರ್ಗವಾದಾಗ, ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಮೋಟಾರು ದಾರಿಯುದ್ದಕ್ಕೂ ನಿಂತು ನಿಂತು ಓಡುತ್ತಿದ್ದಾಗ, ಒಂದು ಪಂಚಮಿಯೂ ತಪ್ಪಿಸಲಿಲ್ಲ.

ತಪ್ಪಿದ್ದು ಹೋದ ವರ್ಷ. ಗಂಗವ್ವನನ್ನು ಕರೆತರಲು ಒಂದು ದಿನ ತಡವಾಗಿ ಮುಟ್ಟಿದರು. ಆಕೆ ಮತ್ತೆ ಒಂದು ದಿನ ಆ ಕಟ್ಟೆಯ ಮೇಲೆ ಕುಳಿತಳು. ಅವಳೆದುರಿಗೇ ನಾನು, "ಇವರಿಗೆ ಹಬ್ಬದ ದಿನಾ ಸುದ್ದಾ ಕಿವಿಗೆ ಬೀಳೂದಿಲ್ಲ ನೋಡವಾ" ಎಂದು ಅಂದುಬಿಟ್ಟೆ. ಇವರು ಒದ್ದೆ ಕೊಡೆ ಮಡಚಿ ಮೂಲೆಗಿಟ್ಟರು.

ನಿನ್ನೆ ಬಾಣಲೆ ಇಳಿಸಿ, ಕೈ ಒರೆಸಿಕೊಂಡು ಪಡಸಾಲೆಗೆ ಹೋದೆ. "ಏನೋ ಅಂದ್ರೆಲ್ಲ?"

"ಮೂರ ದಿನದಿಂದ ಅನಾಕತ್ತೇನಿ. ನೀ ಹೂಂ ಅನಾಕತ್ತಿ" ಎಂದರು. ಆಮೇಲೆ ಹಲಗೆಯನ್ನು ನನ್ನ ಕಡೆ ಸರಿಸಿ, "ಒಂದ ಕಾರ್ಡ ಬರೀಬೇಕಿತ್ತು" ಅಂದರು.

ನಾನು ಹಲಗೆ ಮೊಣಕಾಲ ಮೇಲಿಟ್ಟುಕೊಂಡು ಕುಳಿತೆ. "ಯಾರಿಗ್ರಿ?"

"ನಮ್ಮ ಮನಿಯಾಕಿಗೆ."

"ಮುಖ್ಯ ಮಾತ ಮೊದಲ ಹೇಳ್ರಿ."

"ಹ್ವಾದ ವರ್ಷ ಹಬ್ಬದ ದಿನಾ ಮರತಿರಲಿಲ್ಲ. ಮೋಟಾರಿನ ಬೋರ್ಡ ಕಾಣಲಿಲ್ಲ. ಕಣ್ಣಿಗೆ ಮಂಜ ಕವದಂಗ ಆಗೈತಿ. ಮಾಸ್ತರ ಆಗಿ, ಏನ ಬರದೈತಿ ಅಂತ ಯಾರನ್ನ ಕೇಳ್ಲಿ? ಹಾವೇರಿದ ಅಂತ ಏರಿ ಕುಂತೆ. ಇಳದ ನೋಡಿದ್ರ ಹಾನಗಲ್ಲ."

ಒಂದು ವರ್ಷ ಈ ಮಾತನ್ನು ಅವರು ಹೊತ್ತಿದ್ದರು. ನಾನು ಬರೆದೆ. ಓದಿದೆ. "ಹಿಂಗ ಹೇಳಿದ್ರಿ, ಹೌದಲ್ಲ?" ಎಂದು ಕೇಳಿದೆ.

"ಹೌದು. ಮುಂದ ಬರಿ. ಈ ವರ್ಷ ಕರಿಯಾಕ ನೀನೂ ನನ್ನ ಸಂಗಾಟ ಬಾ."

ನಾನು ಹೂಂ ಅನ್ನಲಿಲ್ಲ. "ಬರ್ತೇನಿ" ಅಂದೆ.

ತಳದ ಅರಳು ಸೀದುಹೋಗಿತ್ತು, ಹೋಗಲಿ. ಉಂಡಿ ಕಟ್ಟಿಯಾಗಿದೆ. ನಾಳೆ ಮೊದಲ ಮೋಟಾರಿಗೆ ಇಬ್ಬರೂ ಹೊರಡುತ್ತೇವೆ. ಬೋರ್ಡು ನಾನು ಓದುತ್ತೇನೆ. ಹಬ್ಬ ಮುಗಿದ ಮೇಲೆ ಕಣ್ಣಿನ ಡಾಕ್ಟರ ಹತ್ತಿರವೂ ನಾನೇ ಕರೆದೊಯ್ಯುತ್ತೇನೆ, ಅದನ್ನು ಮುಖಕ್ಕೆ ಮುಖ ಕೊಟ್ಟು ಹೇಳಿಯಾಗಿದೆ. ಗಂಗವ್ವನ ಕಟ್ಟೆಯ ಮುಂದೆ ನಿಂತು "ತವರಿಂದ ಕರಿಯಾಕ ಬಂದೇವ್ರಿ" ಎನ್ನುವುದು ಮಾತ್ರ ಅವರ ಕೆಲಸ. ಹತ್ತು ವರ್ಷದಿಂದ ಆ ದನಿಯನ್ನು ಗಂಗವ್ವನ ಬಾಯಿಂದಷ್ಟೇ ಕೇಳಿದ್ದೇನೆ. ಈ ಸಲ ಪಕ್ಕದಲ್ಲೇ ನಿಂತು ಕೇಳುತ್ತೇನೆ.