ಮರ ಹತ್ತುವ ವಿದ್ಯೆ

ಮಾವಿನ ಕೊಂಬೆ ಮುರಿಯಬಹುದಿತ್ತು. ಕೆಂಜಿಗ ಕಚ್ಚಬಹುದಿತ್ತು, ಅಜ್ಜಿ ಕೋಲು ಹಿಡಿದು ಬರಬಹುದಿತ್ತು, ಲಂಗ ಸಿಕ್ಕಿಕೊಂಡು ನಾನು ಬಾವಲಿಯಂತೆ ನೇತಾಡಬಹುದಿತ್ತು.

ಎಂಬತ್ತರ ದಶಕದ ಬೇಸಿಗೆ ರಜೆಗಳಲ್ಲಿ, ಕೃಷ್ಣಗಿರಿ ಹತ್ತಿರದ ನಮ್ಮ ತೋಪಿನಲ್ಲಿ, ದೊಡ್ಡಪ್ಪನ ಮಗಳು ಡಕಾಯಿತರ ಆಟ ಆಡಿಸುತ್ತಿದ್ದಳು. ಶುರುವಿನಲ್ಲಿ ಒಬ್ಬೊಬ್ಬರಿಗೆ ಒಂದೇ ವಿದ್ಯೆ. ಇನ್ನೊಂದು ಬೇಕಾದರೆ ಈ ಅಕ್ಕನ ಕಣ್ಣೆದುರೇ ಮಾಡಿ ತೋರಿಸಬೇಕು. ನನಗೆ ಸಿಕ್ಕಿದ್ದು ಅಡುಗೆ. ಮೂರು ಬೇಸಿಗೆ ಮಣ್ಣಿನ ಮುದ್ದೆ ಕಟ್ಟಿ ಸಾಕಾಗಿ, ಮರ ಹತ್ತುವ ವಿದ್ಯೆ ಕೇಳಿದೆ.

"ಹತ್ತಮ್ಮಿ, ನಾನಿಲ್ಲೇ ನೋಡ್ತಿರ್ತೀನಿ. ಭಯ ಆದ್ರೆ ಮುದ್ದೇನೇ ಕಟ್ಕೊಂಡಿರು," ಎಂದಳು.

ಒಂದೊಂದು ಕೊಂಬೆಯನ್ನೂ ಅಲ್ಲಾಡಿಸಿ ನೋಡುತ್ತ, ಅಂತೂ ಮೇಲೆ ತಲುಪಿದೆ. ಏನೂ ಆಗಲಿಲ್ಲ. "ಅಕ್ಕಾ, ನೋಡೇ!" ಎಂದು ಕೂಗಿದೆ.

ಅಕ್ಕ ಬುಡಕ್ಕೊರಗಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.