ಅತ್ತಿಗೆ ಆಡದ ಮಾತು

ನಮ್ಮತ್ತಿಗೆಗೆ ಮನೆಯವರೆಲ್ಲ ಇಟ್ಟ ಹೆಸರು ಫೈರ್ ಇಂಜಿನ್. ಯಾರ ಮನೆ ಹಿತ್ತಲಲ್ಲಿ ಕೆಂಡದ ಮೇಲೆ ಕೋಳಿ ಸುಡ್ತಿದ್ರೂ ಇವರು ಮೊದಲು ಹೋಗಿ ನಿಲ್ಲೋದು ಅಲ್ಲೇ. ಒಲೆ ಗೋಡೆಯಿಂದ ದೂರ ಇದೆಯಾ, ಪಕ್ಕದಲ್ಲಿ ಬಕೆಟ್ ನೀರಿದೆಯಾ, ಮಕ್ಕಳ ಕಾಲಲ್ಲಿ ಚಪ್ಪಲಿ ಇದೆಯಾ ಅಂತ ನೋಡಬೇಕು. ಸೀಮೆಎಣ್ಣೆ ಬಾಟಲಿ ಕಂಡರಂತೂ ಕಿತ್ತುಕೊಂಡು ಬಚ್ಚಿಡ್ತಾರೆ. ತಿಂದು ಮುಗಿದ ಮೇಲೂ ಬಿಡಲ್ಲ. ಕೆಂಡಕ್ಕೆ ನೀರು ಹೊಯ್ದು, ಕೋಲಲ್ಲಿ ಕೆದಕಿ, ಮತ್ತೆ ಹೊಯ್ದು, ಮುಚ್ಚಳ ಇರೋ ಕಬ್ಬಿಣದ ಡಬ್ಬಿಗೆ ತುಂಬಿ ಎರಡು ದಿನ ಇಡಿಸ್ತಾರೆ. ಮೂರನೇ ದಿನ ಮತ್ತೆ ಬಂದು ಕೈಯ ಹಿಂಬದಿ ಹತ್ತಿರ ಹಿಡಿದು ನೋಡ್ತಾರೆ. ಎಲ್ಲರೂ ನಗ್ತಾರೆ. ನಾನು ನಗಲ್ಲ.

ಅವರಿಗೆ ಲಾಂಡ್ರಿಯಲ್ಲಿ ಕೆಲಸ. ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಬೆಡ್‌ಶೀಟ್ ಒಗೆಯೋದು, ಹರವೋದು, ಮಡಚೋದು. ದಿನಕ್ಕೆ ನಲವತ್ತು ಸಲ ಮೇಸ್ತ್ರಿ ‘ಆರಿತಾ?’ ಅಂತ ಕೂಗ್ತಿದ್ದ, ಇವರು ‘ಆರಿದೆ’ ಅಂತಿದ್ರು. ಬಾಯಿಗೆ ಅಷ್ಟು ರೂಢಿ.

ಒಂಬತ್ತು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರೋ ನಮ್ಮಣ್ಣ ಹಳೇ ಡ್ರಮ್ಮನ್ನ ಅರ್ಧಕ್ಕೆ ಕೊಯ್ದು ಒಲೆ ಮಾಡಿದ್ದ. ಎಲ್ಲರೂ ಹೊಟ್ಟೆ ತುಂಬ ತಿಂದೆವು. ಅಣ್ಣ ಒಳಗೆ ಕೈ ತೊಳೀತಾ, “ಕೆಂಡ ಆರಿತಾ ಕೇಳೇ” ಅಂದ. ನಾನು ಹಿತ್ತಲ ಬಾಗಿಲಲ್ಲಿ ಫೋನ್ ನೋಡ್ತಾ ನಿಂತಿದ್ದೆ. ಅತ್ತಿಗೆ ಒಲೆ ಪಕ್ಕದ ತಂತಿಯಿಂದ ಬಟ್ಟೆ ತೆಗೀತಿದ್ರು. ತಲೆ ಎತ್ತದೆ, “ಅತ್ತಿಗೆ, ಆರಿತಾ?” ಅಂದೆ.

“ಹ್ಞೂಂ, ಆರಿದೆ” ಅಂದ್ರು, ಕೈಯಲ್ಲಿ ಬಟ್ಟೆ ಹಿಡಿದುಕೊಂಡು.

“ಆರಿದೆಯಂತೆ” ಅಂತ ನಾನು ಒಳಗೆ ಹೇಳಿದೆ.

ಕೆಂಡ. ಎರಡೇ ಅಕ್ಷರ. ಅದನ್ನ ಆಡೋಕೆ ನನ್ನ ಬಾಯಿಗೆ ಏನು ದೊಡ್ಡ ರೋಗ ಬಂದಿತ್ತೋ!

ಬೂದಿ ಮುಚ್ಚಿದ ಕೆಂಡ ಅಂತ ಮಾತಿಗೆ ಎಲ್ಲರೂ ಹೇಳ್ತಾರೆ, ಕಣ್ಣೆದುರು ಇದ್ದಾಗ ಯಾರಿಗೂ ಕಾಣಲ್ಲ. ಅಣ್ಣ ಡಿಪೋದ ದಪ್ಪ ಗ್ಲೌಸ್ ಹಾಕಿದ್ದ, ಬಿಸಿ ತಟ್ಟಲಿಲ್ಲ. ಡ್ರಮ್ಮನ್ನ ಹಿತ್ತಲ ಮೂಲೆಗೆ ಮಗುಚಿ, ಮೇಲೊಂದಿಷ್ಟು ಮರಳು ಎಳೆದು ಒಳಗೆ ಬಂದ. ಹತ್ತು ನಿಮಿಷ ಕಳೆದಿರಲಿಲ್ಲ. ಅವರ ಮಗಳು, ನಾಲ್ಕು ವರ್ಷದ ಪುಟ್ಟಿ, ಚೆಂಡಿನ ಹಿಂದೆ ಬರಿಗಾಲಲ್ಲಿ ಅದರ ಮೇಲೇ ಓಡಿದಳು.

ಆಸ್ಪತ್ರೆಯಲ್ಲಿ ಅಣ್ಣ, “ಆರಿದೆ ಅಂದವಳು ಅವಳೇ” ಅಂದ. ಅಮ್ಮ, “ನೀನು ಹೆತ್ತ ತಾಯೇನೇ?” ಅಂತ ಅತ್ತಿಗೆ ಮೇಲೆ ಹರಿಹಾಯ್ದಳು. ಅತ್ತಿಗೆ, “ಹೌದು, ನಾನೇ ಅಂದೆ” ಅಂತ ಅಳ್ತಾ ನಿಂತ್ರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲೂ ಮುಟ್ಟಿಕೊಳ್ಳಲಿಲ್ಲ, ಅಂಥ ಗಟ್ಟಿ ಕಳ್ಳಿ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಸುಮ್ಮನಿದ್ದೆ. ಅಣ್ಣ ಒಂದು ವರ್ಷ ಹೆಂಡತಿಯ ಮುಖ ನೋಡಿ ಮಾತಾಡಲಿಲ್ಲ.

ಎರಡು ತಿಂಗಳ ಮೇಲೆ ಡಾಕ್ಟರು, “ಗಾಯ ಆರಿತಾಮ್ಮ?” ಅಂತ ಕೇಳಿದರು. ಅತ್ತಿಗೆ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಅವತ್ತಿಂದ ಆ ಮಾತು ಅವರ ಬಾಯಲ್ಲಿ ಬಂದಿಲ್ಲ. ಬಟ್ಟೆ ಒಣಗಿದೆ ಅಂತಾರೆ, ಕಾಫಿ ತಣ್ಣಗಾಗಿದೆ ಅಂತಾರೆ. ತಂತಿಯಿಂದ ಬಟ್ಟೆ ತೆಗೆಯುವಾಗ ಬೆನ್ನ ಹಿಂದೆ ಯಾರೋ ಕೇಳಿದ ಹಾಗೆ ಥಟ್ಟನೆ ತಿರುಗ್ತಾರೆ. ಅಲ್ಲಿ ಯಾರೂ ಇರಲ್ಲ. ಪುಟ್ಟಿಗೆ ಈಗ ಹದಿಮೂರು, ಎಡಗಾಲಿನ ಬೆರಳು ಮುದುಡಿಕೊಂಡಿವೆ. ಒಂದು ಹೆಜ್ಜೆ ಜೋರು, ಒಂದು ಮೆಲ್ಲಗೆ ಇಟ್ಟು ನಡೀತಾಳೆ. ಆ ಸದ್ದು ಕೇಳಿದಾಗೆಲ್ಲ ನಾನು ಎದ್ದು ಬೇರೆ ಕೋಣೆಗೆ ಹೋಗ್ತೀನಿ.

ಹೋದ ತಿಂಗಳು ತಡೆಯಲಾಗದೆ ಲಾಂಡ್ರಿಗೇ ಹೋದೆ. ಅತ್ತಿಗೆ ಶೀಟಿನ ಎರಡು ತುದಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಮಡಚ್ತಾ ಇದ್ದಾಗ ಎಲ್ಲ ಹೇಳಿಬಿಟ್ಟೆ. ಅಣ್ಣ ಕೆಂಡ ಅಂದಿದ್ದ, ಅದನ್ನ ನುಂಗಿದವಳು ನಾನು, ನಿಮ್ಮದೇನೂ ತಪ್ಪಿಲ್ಲ ಅಂದೆ.

ಅವರು ಶೀಟಿನ ಅಂಚು ಸರಿ ಮಾಡ್ತಾ, “ಇಲ್ಲ ಕಣೇ. ನೀನು ಕೆಂಡ ಅಂತಲೇ ಕೇಳಿದ್ದೆ” ಅಂದ್ರು.

“ಇಲ್ಲ ಅತ್ತಿಗೆ, ನಾನು ಅನ್ನಲೇ ಇಲ್ಲ.”

“ಒಂಬತ್ತು ವರ್ಷದಿಂದ ದಿನಾ ಕೇಳಿಸ್ತಿದೆ, ನಿನ್ನ ದನಿಯಲ್ಲೇ. ಮೊದಲು ಕೆಂಡ ಅಂದೆ, ಆಮೇಲೆ ಆ ಮಾತು. ನನ್ನ ಸಮಾಧಾನಕ್ಕೆ ನೀನು ಯಾಕೆ ಸುಳ್ಳು ಹೇಳಿ ಪಾಪ ಕಟ್ಟಿಕೊಳ್ತೀಯ?”

ನಾನು ಆಣೆ ಹಾಕಿದೆ, ಅತ್ತುಬಿಟ್ಟೆ. ಅವರು ನನ್ನ ತಲೆ ಸವರಿ, “ಒಳ್ಳೆಯವಳು ಕಣೇ ನೀನು” ಅಂದ್ರು.