ಮಾವನ ಹೆಬ್ಬೆರಳು

ನಮ್ಮ ಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ, ಒಂದು ಕೆಟ್ಟ ಚಾಳಿ ಇತ್ತು. ಯಾರ ಬರಿಗಾಲು ಕಂಡರೂ ಬಗ್ಗಿ, ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ನೋಡುವುದು. ಪುಂಜಾಲಕಟ್ಟೆಯ ಪೇಟೆಯಲ್ಲಿ ಆ ಹೆಬ್ಬೆರಳು ತಾಗದ ಕಾಲು ಕಡಿಮೆ. ಜನ ನಗುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯುದ್ಧಕ್ಕೆ ಮೊದಲು ಮಾವ ಮಲಯದ ರಬ್ಬರು ತೋಟವೊಂದರಲ್ಲಿ ಕಂಪೌಂಡರ್ ಆಗಿದ್ದರು. ಜಪಾನಿನವರು ಬಂದಾಗ ಅವರನ್ನೂ ಹಿಡಿದು, ಸೆರೆಸಿಕ್ಕ ಇಂಗ್ಲಿಷ್ ಸಿಪಾಯಿಗಳ ಕ್ಯಾಂಪಿಗೆ ಹಾಕಿದರು. ಅಲ್ಲಿ ಊಟವೆಂದರೆ ಬರೇ ಬೆಳ್ತಿಗೆ ಅಕ್ಕಿಯ ಗಂಜಿ. ತೌಡೆಲ್ಲ ಹೋದ ಆ ಬಿಳಿ ಅಕ್ಕಿ ತಿಂದು ತಿಂದು ಸಿಪಾಯಿಗಳ ಕಾಲು ಊದುತ್ತಿತ್ತು. ಮದ್ದಿಲ್ಲ. ಸಂಜೆ ಕೆಲಸದಿಂದ ಬಂದವರು ಬಿದಿರಿನ ಮಂಚದ ಮೇಲೆ ಸಾಲಾಗಿ ಕೂತು ಮಾವನ ಎದುರು ಕಾಲು ಚಾಚುತ್ತಿದ್ದರು. ಒತ್ತಿದ ಗುಳಿ ತುಂಬಿ ಬಂದರೆ ಬದುಕಿದ. ಹಾಗೇ ಉಳಿದರೆ ಅವನ ದಿನ ಮುಗಿಯಿತು. ಅವರಿಗೆ ಬಗ್ಗಿ ನೋಡುವ ಧೈರ್ಯವಿಲ್ಲ. "ಬಂತಾ?" ಎಂದು ಕೇಳುವರು. ಮಾವ ಎಲ್ಲರಿಗೂ "ಬಂತು" ಎನ್ನುವರು, ಮರುದಿನ ಏಳಲಾರದವನಿಗೂ.

ಇಷ್ಟು ಗೊತ್ತಿದ್ದೂ ನಾನು ಅವರನ್ನು ಕ್ಷಮಿಸಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತನಾಲ್ಕು ದಾಟಿತ್ತು. ಬಂದ ಸಂಬಂಧಗಳೆಲ್ಲ ತಪ್ಪಿ, ಕೊನೆಗೆ ಬಂಟ್ವಾಳದ ಕಡೆಯ ಒಬ್ಬ ಹುಡುಗ ನೋಡಲು ಬರುವುದೆಂದಾಯಿತು. ಬೊಂಬಾಯಿಯಲ್ಲಿ ಹೋಟೆಲು. ನನಗೆ ಫೋಟೋದಲ್ಲೇ ಮನಸ್ಸಾಗಿತ್ತು, ಸುಳ್ಳೇಕೆ ಹೇಳಲಿ. ಅಂಗಳದಲ್ಲಿ ಕಾಲು ತೊಳೆಯಲು ನೀರು ಕೊಟ್ಟರು. ಹುಡುಗ ಪ್ಯಾಂಟು ಮಡಚಿದ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದ ಹಾಗೆಯೇ ಮಾವ ಬಗ್ಗಿಬಿಟ್ಟರು.

"ಗುಳಿ ಉಂಟು ಮಾರಾಯ," ಎಂದರು, ಎಲ್ಲರಿಗೂ ಕೇಳುವ ಹಾಗೆ. "ಬೊಂಬಾಯಿಯಲ್ಲಿ ಬೆಳ್ತಿಗೆ ಅನ್ನವಾ? ಮೂರು ತಿಂಗಳು ಊರಲ್ಲಿ ಕುಚ್ಚಲಕ್ಕಿ ಉಣ್ಣು. ಮದುವೆ ಆಮೇಲೆ ಮಾತಾಡುವ."

ಹುಡುಗನ ತಾಯಿ, ನಾವು ಕೊಟ್ಟ ಬೆಲ್ಲ-ನೀರನ್ನೂ ಮುಟ್ಟದೆ, ಮಗನನ್ನು ಎಳೆದುಕೊಂಡು ನಡೆದರು. ಅವನಿಗೆ ರೋಗವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಬೊಂಬಾಯಿಯಿಂದ ಎರಡು ದಿನ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತು, ಹಿಂದಿನ ಸಂಜೆಯಷ್ಟೇ ಊರಲ್ಲಿ ಇಳಿದಿದ್ದ, ಕಾಲು ಊದಿದ್ದು ಅದಕ್ಕೇ.

"ಒಂದು ಸುಳ್ಳು ಹೇಳಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಮಾವನ ಮುಖಕ್ಕೇ ಕಿರುಚಿದೆ.

"ಅಲ್ಲಿ ದಿನಾ ಹೇಳಿದ್ದೇನೆ ಮಗಾ," ಎಂದರು. "ಊರಿಗೆ ಬಂದ ಮೇಲೆ ಆಗುವುದಿಲ್ಲ."

ಆಮೇಲೆ ಎರಡು ವರ್ಷ ನಾನು ಅವರೊಡನೆ ಮಾತಾಡಲಿಲ್ಲ. ಒಂದೇ ಮನೆ, ಗಂಜಿ ಬಡಿಸಿ ಮುಖ ತಿರುಗಿಸುತ್ತಿದ್ದೆ. ಅವರು ನನಗೆ ಗಂಡು ಹುಡುಕುತ್ತ ಬೆಳ್ತಂಗಡಿ, ಮೂಡಬಿದಿರೆ ಎಂದು ಚಪ್ಪಲಿ ಸವೆಸಿದರು. ಪುತ್ತಿಗೆಯ ಸಂಬಂಧ ಕುದುರಿದ್ದು ಅವರಿಂದಲೇ. ಅದಕ್ಕೂ ನಾನು ಬಾಯಿ ಬಿಡಲಿಲ್ಲ. ಅಷ್ಟು ಹಟ ನನ್ನದು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಮದುವೆಗೆ ತಿಂಗಳಿರುವಾಗ ಮಾವ ಹಾಸಿಗೆ ಹಿಡಿದರು. ಹೃದಯ ಸೋತಿದೆ ಎಂದರು ಡಾಕ್ಟರು. ಒಂದು ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದಾಗ ಮಾವ ಹೊದಿಕೆ ಸರಿಸಿ ನನ್ನ ಕಡೆ ಊದಿದ ಕಾಲು ಚಾಚಿದರು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ಬಟ್ಟಲು ಕೆಳಗಿಟ್ಟು ಕೂತು, ಹೆಬ್ಬೆರಳು ಒತ್ತಿ ತೆಗೆದೆ. ಉಗುರಿನ ಗುರುತಿನ ಸಮೇತ ಗುಳಿ ಹಾಗೇ ಉಳಿಯಿತು.

"ಬಂತಾ?" ಎಂದರು.

"ಬಂತು ಮಾವ," ಎಂದೆ. ಎರಡು ವರ್ಷದಲ್ಲಿ ನಾನು ಅವರೊಡನೆ ಆಡಿದ ಮೊದಲ ಮಾತು ಅದು.